ಓವರ್‌ಮಾರೋ ಇನ್ನೂ ಬಳಕೆಯಲ್ಲಿದೆ

ಮಲ್ಲಪ್ಪ ಕಾಕಾ,

ನಿಮ್ಮ ವಾರಿಜಾ ಮಾಡುವ ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ; ನೀವು ಹೋದ ಊರಿನಿಂದ ಇದುವರೆಗೆ ಯಾರೂ ದೂರು ಹೇಳಿಕೊಂಡು ಬಂದಿಲ್ಲ, ಚೆನ್ನಾಗಿಯೇ ಇರಬೇಕು. ನೇರ ವಿಷಯಕ್ಕೆ ಬರುತ್ತೇನೆ. ಡಿಸ್ಪ್ಯಾಚ್ ಹಲಗೆಯಲ್ಲಿ ನೀವು ಬರೆದ ಮೂರನೆಯ ಕಾಲಮ್ಮಿಗೆ ಕಪ್ಪು ಬಳಿದರು. ನನ್ನನ್ನು ತುರ್ಭೆಯ ಗೋದಾಮಿಗೆ ವರ್ಗ ಮಾಡಿದರು. ಎರಡೂ ಒಂದೇ ವಾರದಲ್ಲಿ, ಒಂದೇ ಕಾರಣಕ್ಕೆ. ಅಳುತ್ತಾ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಊಟ ಮಾಡಿ, ಪಾತ್ರೆ ತೊಳೆದು, ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ.

ಆ ಹಲಗೆಯನ್ನು ನಾನು ಮೊದಲು ನೋಡಿದ ದಿನ ನಿಮಗೆ ನೆನಪಿರಲೇಬೇಕು, ಯಾಕೆಂದರೆ ಆಮೇಲೆ ಅದನ್ನು ನೀವು ಬಂದವರಿಗೆಲ್ಲ ಹೇಳಿ ನಗಿಸಿದ್ದೀರಿ. ಕುಂದಾಪುರದ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದು ಆರು ತಿಂಗಳಾಗಿತ್ತು. ಕೈಯಲ್ಲಿ ಕನ್ನಡ ಬಿ.ಎ. ಎಂಐಡಿಸಿ ಕೈಗಾರಿಕಾ ಪ್ರದೇಶದ ಈ ರೆಸಿನ್ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಗುಮಾಸ್ತೆಯ ಕೆಲಸವಿದೆ, ಅಲ್ಲಿ ಯಜಮಾನಿಕೆ ಮಾಡುವವರು ವಿಜಯಪುರದ ಕಡೆಯ ಒಬ್ಬ ಕಾಕಾ ಎಂದು ಯಾರೋ ಹೇಳಿ ಕಳಿಸಿದ್ದರು. ಏನು ಬರುತ್ತದೆ ಎಂದು ಕೇಳಿದಿರಿ. ಹೆದರಿಕೆಯಲ್ಲಿ, ಪ್ರಾಸ ಕಟ್ಟಲು ಬರುತ್ತದೆ ಎಂದುಬಿಟ್ಟೆ. ನೀವು ನಗಲಿಲ್ಲ. "ಛಲೋ ಆತು ತಂಗಿ. ಲಾರಿ ನಂಬರ್ ನೆನಪಿಡಾಕ ಪ್ರಾಸ ಭಾಳ ಉಪಯೋಗ ಬೀಳ್ತದ" ಅಂದಿರಿ. ನನ್ನ ಡಿಗ್ರಿಗೆ ಈ ಮುಂಬಯಿ ಸೀಮೆಯಲ್ಲಿ ಸಿಕ್ಕ ಮೊದಲ ಗೌರವ ಅದು. ಕೊನೆಯದೂ ಇರಬಹುದು.

ನಿಮ್ಮ ಮೇಜಿನ ಹಿಂದಿನ ಗೋಡೆಯಲ್ಲಿ ಕಪ್ಪು ತಗಡಿನ ಹಲಗೆ, ಬಿಳಿ ಎನಾಮಲ್ ಬಣ್ಣದ ಮೂರು ಇಂಗ್ಲಿಷ್ ತಲೆಬರಹ. ಟುಡೇ, ಟುಮಾರೋ, ಓವರ್‌ಮಾರೋ. ಮೊದಲಿನ ಎರಡು ಗೊತ್ತಿತ್ತು. ಮೂರನೆಯದರ ಕೆಳಗೆ ದಿನಾ ಎಲ್ಲಕ್ಕಿಂತ ಹೆಚ್ಚು ಡ್ರಮ್ಮುಗಳ ನಂಬರು ಬೀಳುತ್ತಿದ್ದವು. ಓವರ್‌ಮಾರೋ ಅಂದರೆ ಯಾರೋ ದೊಡ್ಡ ಪಾರ್ಸಿ ಗಿರಾಕಿ ಎಂದು ಒಂದು ವಾರ ನಂಬಿದ್ದೆ. ಆ ಸೇಠರ ವಿಳಾಸ ಪುಸ್ತಕದಲ್ಲಿ ಎಲ್ಲಿಯೂ ಸಿಗದೆ, ಕೊನೆಗೆ ನಿಮ್ಮನ್ನೇ ಕೇಳಿದೆ. ನೀವು ಪಕ್ಕದ ಡ್ರಮ್ಮನ್ನು ಹಿಡಿದುಕೊಂಡು ನಕ್ಕಿರಿ. ಎಡಗಣ್ಣಿನಿಂದ ನೀರು ಬಂತು. ಆ ಕಣ್ಣಿನಲ್ಲಿ ನಿಮಗೆ ನಗದಿದ್ದರೂ ನೀರು ಬರುತ್ತಿತ್ತು. "ಸೇಠ್ ಅಲ್ಲವ್ವಾ ಅವರು. ನಾಡಿದ್ದು."

ಆ ಶಬ್ದ ಹಲಗೆಗೆ ಹೇಗೆ ಬಂತೆಂದು ನೀವು ಹೇಳಿದ್ದು ಚಹಾದ ಹೊತ್ತಿಗೆ. ಹಳೆಯ ಮಾಲೀಕರಿಗೆ ಹಲಗೆ ಇಂಗ್ಲಿಷಿನಲ್ಲೇ ಬೇಕಿತ್ತು. 'ಡೇ ಆಫ್ಟರ್ ಟುಮಾರೋ' ಎಂದು ಬರೆಯಲು ತಗಡು ಸಾಲಲಿಲ್ಲ. ಪೇಂಟರನು ಆಫ್ಟರ್‌ಗೆ ಬಂದು ಕೈಚೆಲ್ಲಿದ. ಕಲ್ಯಾಣದ ಗುಜರಿ ಅಂಗಡಿಯಿಂದ ನೀವು ಎತ್ತಿಕೊಂಡು ಬಂದಿದ್ದ, ರಟ್ಟು ಹರಿದ ದಪ್ಪ ಇಂಗ್ಲಿಷ್ ನಿಘಂಟೊಂದಿತ್ತಲ್ಲ, ಲೋಕಲ್ ರೈಲಿನಲ್ಲಿ ದಿನಕ್ಕೊಂದು ಪುಟದಂತೆ ಓದುತ್ತಿದ್ದಿರಿ. ಅದರಲ್ಲಿ ಹುಡುಕಿದಿರಿ. ನಮ್ಮ ನಾಡಿದ್ದಿಗೆ ಒಂದೇ ಶಬ್ದ ಸಾಕಾಗಿರುವಾಗ ಇಂಗ್ಲಿಷಿನವರಿಗೆ ಮೂರು ಯಾಕೆ ಬೇಕು, ಎಲ್ಲೋ ಒಂದನ್ನು ಇಟ್ಟು ಮರೆತಿರಬೇಕು ಎಂಬುದು ನಿಮ್ಮ ವಾದ. ಏಳನೆಯ ಇಯತ್ತೆ ಓದಿದ ಮನುಷ್ಯ ಇಂಗ್ಲಿಷರು ಮರೆತಿಟ್ಟದ್ದನ್ನು ಹುಡುಕಿ ತೆಗೆದು, ತಗಡಿನ ಮೇಲೆ ಬರೆಸಿ ಕೆಲಸಕ್ಕೆ ಹಚ್ಚಿದಿರಿ. ಎಷ್ಟು ಜನ ಎಂ.ಎ.ಗಳು ಇಷ್ಟು ಮಾಡಿದ್ದಾರೆ?

ಕೆಲಸವೆಂದರೆ ಎಂಥ ಕೆಲಸ. ಭಿವಂಡಿಯ ಬಟ್ಟೆಗೆ ಬಣ್ಣ ಅಂಟಿಸಲು ಹೋಗುವ ನಮ್ಮ ರೆಸಿನ್ ನೋಡಲು ಹಾಲಿನಂತೆ ಸಾಧು. ಒಳಗೆ ಬೇಯುವುದು ಪೂರ್ತಿ ಮುಗಿಯದಿದ್ದರೆ ಮಾತ್ರ ಡ್ರಮ್ಮಿನೊಳಗೇ ಮುಂದುವರಿದು, ಬಿಸಿಯಾಗಿ, ಗಾಳಿ ಕಟ್ಟಿ ಮುಚ್ಚಳ ಉಬ್ಬುತ್ತದೆ. ಅದು ಗೊತ್ತಾಗಲು ಎರಡು ರಾತ್ರಿ ಬೇಕು. ಆದ್ದರಿಂದ ಇವತ್ತು ತುಂಬಿದ ಡ್ರಮ್ಮು ಎರಡು ರಾತ್ರಿ ಅಂಗಳದಲ್ಲಿ ನಿಲ್ಲಬೇಕು. ಮೂರನೆಯ ಬೆಳಿಗ್ಗೆ ನೀವು ಒಂದೊಂದರ ಮೇಲೂ ಅಂಗೈಯಿಟ್ಟು, ಗೆಣ್ಣಿನಿಂದ ತಟ್ಟಿ, ಕಿವಿ ಬಗ್ಗಿಸಿ ಕೇಳಿ ಆಮೇಲೆಯೇ ಲಾರಿಗೆ ಬಿಡುತ್ತಿದ್ದಿರಿ. ನನ್ನ ಪ್ರಾಸಕ್ಕೆ ಕಡೆಗೂ ಉದ್ಯೋಗ ಸಿಕ್ಕಿತ್ತು: ಇವತ್ತು ತುಂಬಿದ್ದು, ನಾಳೆ ನೋಡಿದ್ದು, ಹೊರಡೋದು ನಾಡಿದ್ದು. ನೀವು ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಹಲಗೆಯ ಮೂಲೆಗೆ ಸಿಕ್ಕಿಸಿದಿರಿ. ನನ್ನ ಪ್ರಕಟಿತ ಕೃತಿ ಅದೊಂದೇ.

ದಿನಕರ್ ರಾಜೀನಾಮೆ ತಂದ ದಿನದಿಂದ ಆ ಶಬ್ದಕ್ಕೆ ಇನ್ನೊಂದು ಅರ್ಥ ಬಂತು. ದಿವಾ ಸ್ಟೇಷನ್ನಿನ ಕಡೆಯಿಂದ ಬರುವ ನಮ್ಮ ಹಮಾಲರ ಮುಖ್ಯಸ್ಥ ದಿನಕರ್, ಸೂಪರ್‌ವೈಸರನ ಜೊತೆ ಜಗಳವಾಡಿ, ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ ಕಾಗದ ನಿಮ್ಮ ಮೇಜಿನ ಮೇಲೆ ಎಸೆದ. ನೀವು ಓದಲೂ ಇಲ್ಲ. ಡ್ರಾಯರಿಗೆ ಹಾಕಿ, ಇದು ಓವರ್‌ಮಾರೋ ಮಾಲು, ನಿಲ್ಲಲಿ ಅಂದಿರಿ. ಮೂರನೆಯ ಬೆಳಿಗ್ಗೆ ಕಾಗದ ತೆಗೆದು ಅವನ ಮುಂದಿಟ್ಟು, ಗೆಣ್ಣಿನಿಂದ ಅವನ ಎದೆಗೆ ಎರಡು ಸಲ ತಟ್ಟಿ ಕಿವಿಗೊಟ್ಟಿರಿ. ಅವನು ನಕ್ಕು ಕಾಗದ ಹರಿದ. ಆಮೇಲೆ ನಮ್ಮ ಅಂಗಳದಲ್ಲಿ ಸಿಟ್ಟು, ಸಾಲ, ಸಂಬಂಧ ಎಲ್ಲವೂ ಓವರ್‌ಮಾರೋ ಆಗತೊಡಗಿತು. ದಿನಕರನ ತಂಗಿಯನ್ನು ನೋಡಲು ಬಂದ ಗಂಡಿನ ಕಡೆಯವರು ಅಲ್ಲೇ ಉತ್ತರ ಕೇಳಿದಾಗ, ಅವನ ತಾಯಿ ಓವರ್‌ಮಾರೋ ಅಂದಳಂತೆ. ನಾಮಪದ, ಕ್ರಿಯಾಪದ, ವಿಶೇಷಣ, ಎಲ್ಲ ವೇಷವನ್ನೂ ಅದು ಹಾಕಿತು. ಇಂಗ್ಲೆಂಡಿನಲ್ಲಿ ಅದು ಸತ್ತು ಎಷ್ಟೋ ಕಾಲವಾಗಿತ್ತು. ಡೊಂಬಿವಲಿಗೆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೇ.

ಸುದ್ದಿ ಮುಟ್ಟಿಸಿದವಳು ನಾನು. ಇದನ್ನು ನೀವಿದ್ದಾಗ ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳುತ್ತೇನೆ. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಾನೂ ಸ್ವಲ್ಪ ಇಂಗ್ಲಿಷ್ ಕಲಿತು, ಕಲಿತವರಿಗೆಲ್ಲ ಬರುವ ಆ ರೋಗ ಬಂದಿತ್ತು. ಠಾಣೆ ಸ್ಟೇಷನ್ನಿನ ಹೊರಗೆ ಒಂದು ಅಂಗೈಯಗಲದ ನಿಘಂಟು ಕೊಂಡೆ. ಮರುದಿನ ಗಿರಾಕಿಗಳು ಕೂತಿರುವಾಗಲೇ ಅದನ್ನು ತೆರೆದು, ಕಾಕಾ, ನಿಮ್ಮ ಓವರ್‌ಮಾರೋ ಇದರಲ್ಲಿ ಇಲ್ಲವಲ್ಲ ಮಾರಾಯ್ರೆ ಅಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ನೀವು ಪುಸ್ತಕ ತೆಗೆದುಕೊಂಡು, ಹಿಂದೆ ಮುಂದೆ ತಿರುವಿ, ಮರಳಿ ಕೊಟ್ಟಿರಿ. "ಸಣ್ಣ ಪುಸ್ತಕ ಐತಿ ತಂಗಿ. ಸಣ್ಣ ಪುಸ್ತಕದಾಗ ನಾಳೆ ತನಕಾ ಅಷ್ಟ ಇರ್ತದ." ಅಂದಿನಿಂದ ನಾನು ಟೈಪ್ ಮಾಡಿದ ಪತ್ರಗಳಲ್ಲಿ 'ಡೇ ಆಫ್ಟರ್ ಟುಮಾರೋ' ಎಂಬ ಮೂರು ಶಬ್ದಗಳನ್ನೇ ಬಳಸಿದೆ. ನೀವು ಸಹಿ ಹಾಕುತ್ತಾ ಹೋದಿರಿ. ಒಂದು ಸಲವಾದರೂ ಬೈದಿದ್ದರೆ…

ಪ್ರತಿ ದಸರೆಗೆ ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಚೆಂಡು ಹೂವಿನ ಮಾಲೆ ಬೀಳುವಾಗ, ನೀವು ಸಣ್ಣ ಕುಂಚ ಹಿಡಿದು ಹಲಗೆಯ ಮುಂದೆ ಸ್ಟೂಲು ಹಾಕುತ್ತಿದ್ದಿರಿ. ಮೊದಲಿನ ಎರಡು ಕಾಲಮ್ಮು ಮಸುಕಾದರೂ ಮುಟ್ಟುತ್ತಿರಲಿಲ್ಲ. ಇವತ್ತು, ನಾಳೆ ಯಾರೂ ಮರೆಯುವುದಿಲ್ಲ ಎಂದು. ಮೂರನೆಯದಕ್ಕೆ ಮಾತ್ರ ವರ್ಷಕ್ಕೊಂದು ಕೋಟು. ನಿವೃತ್ತಿಯಾದ ಮೇಲೂ ಕಲ್ಯಾಣದಿಂದ ಬಂದು ಬಳಿದಿರಿ. ಕೊನೆಯ ಸಲ ಡಬ್ಲ್ಯೂ ಅಕ್ಷರದ ಕೆಳಗೆ ಬಣ್ಣ ಒಂದು ಬೆರಳುದ್ದ ಇಳಿಯಿತು. ಒರೆಸಲು ಬಟ್ಟೆ ತಂದೆ. ಇರಲಿ ಬಿಡು, ಗುರುತಿಗೆ ಬೇಕಾಗ್ತದ ಅಂದಿರಿ. ಯಾವುದರ ಗುರುತಿಗೆ ಎಂದು ನಾನು ಕೇಳಲಿಲ್ಲ.

ನಿಮ್ಮ ಹದಿಮೂರನೆಯ ದಿನದ ಕಾರ್ಯಕ್ಕೆ ಕಲ್ಯಾಣದ ಮನೆಗೆ ಹೋದಾಗ, ನಿಮ್ಮ ಮನೆಯವರು, ನಮ್ಮ ಕಾಕು, ಆ ಹರಿದ ನಿಘಂಟನ್ನು ತಂದು ನನ್ನ ತೊಡೆಯ ಮೇಲಿಟ್ಟರು. ನಿನಗ ಕೊಡು ಅಂದಾರ ಎಂದರು. ಆಮೇಲೆ ನಿಮ್ಮ ಕಣ್ಣಿನ ವಿಷಯ ಬಂತು. ನೀವು ನಮಗೆಲ್ಲ ಹೇಳಿದ್ದು, ಹುಟ್ಟಿದಾಗಿನಿಂದ ಮಸುಕು ಎಂದು. "ಹುಟ್ಟಿದಾಗಿಂದ ಅಲ್ಲವ್ವಾ. ತುರ್ಭೆದಾಗ ಹಮಾಲಿ ಮಾಡೂ ಮುಂದ, ಅದೇ ದಿನ ತುಂಬಿದ ಡ್ರಮ್ ಇಳಿಸಾಕತ್ತಿದ್ರು. ಮುಚ್ಚಳ ಹಾರಿ ಬಡೀತು. ಯಾರ ಮುಂದೂ ಹೇಳಬ್ಯಾಡ ಅಂತಿದ್ರು." ಕಾಕು ಇಷ್ಟು ಹೇಳಿ ಒಳಗೆ ಹೋಗಿ ಚಹಾಕ್ಕೆ ಇಟ್ಟರು. ನಾನು ಪುಸ್ತಕ ಹಿಡಿದುಕೊಂಡು ಕೂತೆ. ಹದಿನೈದು ವರ್ಷ ನಿಮ್ಮನ್ನು ಇಂಗ್ಲಿಷ್ ಹುಚ್ಚಿನ ಮುದುಕ ಅಂದುಕೊಂಡಿದ್ದೆನಲ್ಲ ಕಾಕಾ.

ಪುಸ್ತಕವನ್ನು ಅಲ್ಲಿಯೇ ತೆರೆದೆ. ಶಬ್ದ ಇತ್ತು. ನಾಳೆಯ ಮರುದಿನ ಎಂಬ ಅರ್ಥ ಇತ್ತು. ಪಕ್ಕದಲ್ಲಿ, ಇದು ಬಳಕೆ ತಪ್ಪಿದ ಶಬ್ದ ಎಂದು ಸಣ್ಣ ಅಕ್ಷರದ ಗುರುತೂ ಇತ್ತು. ಆ ಗುರುತಿನ ಮೇಲೆ ಆಫೀಸಿನ ಕೆಂಪು ಪೆನ್ಸಿಲಿನಿಂದ ನೀವು ಅಡ್ಡಗೆರೆ ಎಳೆದಿದ್ದಿರಿ. ಅಂಚಿನಲ್ಲಿ ನಿಮ್ಮ ದುಂಡು ಕನ್ನಡ: 'ನಮ್ಮಲ್ಲಿ ಐತಿ.' ಅಂದರೆ ಸತ್ತ ಶಬ್ದ ಎಂದು ನಿಮಗೆ ಮೊದಲೇ ಗೊತ್ತಿತ್ತು. ನಾನು ಅಂಗೈಯಗಲದ ಪುಸ್ತಕ ಹಿಡಿದು ಮೆರೆದ ದಿನವೂ ಗೊತ್ತಿತ್ತು. ಆದರೂ ಸುಮ್ಮನೆ ನಕ್ಕವರ ನಡುವೆ ಕೂತಿರಿ. ಯಾಕೆ ಕಾಕಾ? ನನ್ನ ನಗುವನ್ನೂ ಎರಡು ರಾತ್ರಿ ನಿಲ್ಲಲಿ ಎಂದು ಅಂಗಳದಲ್ಲಿ ಬಿಟ್ಟಿದ್ದಿರಾ?

ಹೊಸ ಪ್ಲ್ಯಾಂಟ್ ಹೆಡ್ ಬಂದಾಗ ನನಗೆ ಸಂತೋಷವೇ ಆಗಿತ್ತು. ಪ್ರಸನ್ನ ಎಂದು ಹೆಸರು, ಮೈಸೂರಿನವರು, ಐರೋಲಿಯಿಂದ ಕಾರಿನಲ್ಲಿ ಬರುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವರು. ಮೇಡಂ ಎಂದೇ ಮಾತಾಡಿಸುತ್ತಾರೆ, ಚಹಾ ಅವರಿಗೆ ಬಂದರೆ ನನಗೂ ತರಿಸುತ್ತಾರೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಕಳೆದ ವಾರ ಹಲಗೆಯ ಮುಂದೆ ನಿಂತು, ಇನ್ನು ಎರಡೇ ಕಾಲಮ್ಮು, ತುಂಬಿದ ಮರುದಿನವೇ ಮಾಲು ಹೊರಡಬೇಕು, ಹೆಡ್ ಆಫೀಸಿನ ನಿರ್ಧಾರ ಅಂದರು. ಗೇಟ್ ಪಾಸಿಗೆ ನನ್ನ ಸಹಿ ಬೇಕು. ನಿಮ್ಮ ಕುರ್ಚಿಯಲ್ಲಿ ಕೂತವಳು ನಾನಲ್ಲವೇ.

ಆ ಮಾತು ಬಹಳ ಹೊತ್ತು ನಡೆಯಲಿಲ್ಲ. ಲ್ಯಾಬ್ ಪಾಸ್ ಮಾಡಿದ ಮೇಲೆ ನಿಲ್ಲಿಸುವುದೇಕೆ ಎಂಬುದು ಅವರ ಪ್ರಶ್ನೆ. ಲ್ಯಾಬಿನವರು ನೋಡುವುದು ಒಂದು ಬಾಟಲಿ, ನಾವು ಕಳಿಸುವುದು ಡ್ರಮ್ಮು ಅಂದೆ. ನಾನು ಬಂದ ಮೇಲೆ ನಾಲ್ಕು ಸಲ ಮುಚ್ಚಳ ಉಬ್ಬಿದೆ, ನಾಲ್ಕೂ ಸಲ ನಮ್ಮ ಅಂಗಳದಲ್ಲೇ ಉಬ್ಬಿದೆ, ಯಾರ ಮುಖದ ಮೇಲೂ ಅಲ್ಲ ಅಂದೆ. ಅವರು ಹಲಗೆ ತೋರಿಸಿದರು. "ಅದಿರಲಿ ಮೇಡಂ, ಇದೇನಿದು? ಇಂಥ ಪದ ಡಿಕ್ಷನರೀಲೇ ಇಲ್ಲ. ಆಡಿಟ್‌ಗೆ ಬರೋರು ನಗ್ತಾರೆ." ಅಷ್ಟರಲ್ಲಿ ನನ್ನ ಬಾಯಿಂದ ನನ್ನ ಕನ್ನಡ ಬರಲಿಲ್ಲ ಕಾಕಾ, ನಿಮ್ಮದು ಬಂತು. "ಸಣ್ಣ ಪುಸ್ತಕ ನೋಡೀರಿ ಸರ್" ಅಂದೆ.

ಮರುದಿನ ಲಾರಿ ಬಂದು ಅಂಗಳದಲ್ಲಿ ನಿಂತಿತು. ಹಿಂದಿನ ದಿನ ತುಂಬಿದ ಹನ್ನೆರಡು ಡ್ರಮ್ಮು, ಗೇಟ್ ಪಾಸ್ ಪುಸ್ತಕ, ಪೆನ್ನು, ಎಲ್ಲವೂ ನನ್ನ ಮುಂದಿದ್ದವು. ಸಹಿ ಮಾಡಲಿಲ್ಲ. ಪ್ರಸನ್ನ ಸರ್ ಎರಡು ಸಲ ಫೋನ್ ಮಾಡಿದರು, ಮೂರನೆಯ ಸಲ ತಾವೇ ಇಳಿದು ಬಂದರು. ನೀವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ, ಹಾಗಾದರೆ ನೀವು ಇಲ್ಲಿರುವುದು ಕಷ್ಟ ಎಂದು ನೊಂದುಕೊಂಡೇ ಹೇಳಿದರು. ತುರ್ಭೆಯ ಹೆಸರು ಅಲ್ಲಿಯೇ ಬಂತು. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಇಳಿದು ಇನ್ನೊಂದು ಲೋಕಲ್. ಈ ವಯಸ್ಸಿನಲ್ಲಿ ದಿನಾ ಎರಡು ಸಲ ಠಾಣೆಯ ಸೇತುವೆ ಹತ್ತಿ ಇಳಿಯುವ ಯೋಗ. ಪೆನ್ನಿನ ಮುಚ್ಚಳ ಹಾಕಿದೆ. ಲಾರಿ ಖಾಲಿ ಹೋಯಿತು.

ಮೂರನೆಯ ಬೆಳಿಗ್ಗೆ ಆಫೀಸಿನವರೆಲ್ಲ ಅಂಗಳಕ್ಕೆ ಬಂದಿದ್ದರು. ನಾನು ಒಂದೊಂದೇ ಡ್ರಮ್ಮಿಗೆ ಅಂಗೈಯಿಟ್ಟೆ, ತಟ್ಟಿದೆ, ಕಿವಿಗೊಟ್ಟೆ. ನೀವು ಕಾಯುತ್ತಿರುವ ಮಾತು ನನಗೆ ಗೊತ್ತು. ಇಲ್ಲ ಕಾಕಾ. ಒಂದೂ ಉಬ್ಬಿರಲಿಲ್ಲ. ಹನ್ನೆರಡೂ ತಣ್ಣಗೆ, ಸಪಾಟಾಗಿ, ಒಳ್ಳೆ ಮನೆತನದವರಂತೆ ನಿಂತಿದ್ದವು. ನೋಡಿದ್ರಾ ಮೇಡಂ ಎಂದರು ಪ್ರಸನ್ನ ಸರ್. ಅವರ ದನಿಯಲ್ಲಿ ಗೆಲುವಿಗಿಂತ ಸಮಾಧಾನವೇ ಇತ್ತು. ಎಲ್ಲರೂ ನನ್ನನ್ನು ನೋಡಿದರು.

"ನೋಡಿದೆ ಸರ್" ಅಂದೆ. "ಉಬ್ಬಲಿ ಅಂತ ನಾನು ನಿಲ್ಲಿಸಿದ್ದಲ್ಲ. ಉಬ್ಬಲಿಲ್ಲ ಅಂತ ಗೊತ್ತಾಗಲಿ ಅಂತ ನಿಲ್ಲಿಸಿದ್ದು. ಈಗ ಗೊತ್ತಾಯ್ತಲ್ಲ, ಕೊಡಿ ಪುಸ್ತಕ." ಹನ್ನೆರಡಕ್ಕೂ ಸಹಿ ಮಾಡಿದೆ. ಇದು ಸರಿಯಾಗಿತ್ತಾ ಕಾಕಾ? ಒಂದಾದರೂ ಉಬ್ಬಿದ್ದರೆ ನಾನು ಅಲ್ಲಿ ರಾಣಿಯಾಗುತ್ತಿದ್ದೆ. ಆದರೆ ಡ್ರಮ್ಮು ಉಬ್ಬಿದರೆ ಮಾತ್ರ ನಿಯಮ ಸರಿ ಅನ್ನುವುದಾದರೆ, ನಿಮ್ಮ ಕಣ್ಣು ಹೋದದ್ದೇ ಸರಿ ಅಂದ ಹಾಗಾಗುವುದಿಲ್ಲವೇ? ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದೇ ದಿನ ಸಂಜೆ ವರ್ಗಾವಣೆಯ ಕಾಗದ ಬಂತು.

ಆ ಸಂಜೆ ಮನೆಯಲ್ಲಿ ಮಗಳು ತನ್ನ ಫೋನಿನಲ್ಲಿ ಆ ಶಬ್ದವನ್ನು ಹುಡುಕಿದಳು. ನಿಮಗೆ ಗೊತ್ತಲ್ಲ, ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ನಮ್ಮ ಮನೆಯಲ್ಲಿ ಜಗಳವೂ ಅನುವಾದವಾಗಿಯೇ ನಡೆಯುವುದು. "ಮಮ್ಮಿ, ಯೆ ವರ್ಡ್ ತೋ ಕಬ್ ಕಾ ಮರ್ ಗಯಾ. ಆಪ್ ಇಸ್ಕೇ ಲಿಯೇ ತುರ್ಭೆ ಜಾವೋಗಿ?" ಎಂದಳು. ಸತ್ತಿದ್ದರೆ ಇವತ್ತು ಬೆಳಿಗ್ಗೆ ಎಂಟಕ್ಕೆ ದಿನಕರನ ಬಾಯಲ್ಲಿ ಡ್ಯೂಟಿಗೆ ಬಂದದ್ದು ಯಾರು ಅಂದೆ. ಅವಳು ನಿಮ್ಮ ಹರಿದ ನಿಘಂಟು ತೆರೆದು, ಕೆಂಪು ಗೆರೆಯನ್ನೂ ಅಂಚಿನ ಬರಹವನ್ನೂ ಬಹಳ ಹೊತ್ತು ನೋಡಿದಳು. ಕನ್ನಡ ಓದಲು ಅವಳಿಗೆ ಬರುವುದಿಲ್ಲ. ಬೆರಳಿಟ್ಟು ಓದಿಸಿದೆ. ನಮ್ಮಲ್ಲಿ ಐತಿ. ಆಮೇಲೆ ಅವಳು ತುರ್ಭೆಯ ಮಾತು ಎತ್ತಲಿಲ್ಲ. ನನ್ನ ಟಿಫಿನ್ನಿಗೆ ದೊಡ್ಡ ಡಬ್ಬಿ ಹುಡುಕಿದಳು, ದೂರ ಅಲ್ಲವೇ ಎಂದು.

ಮೊನ್ನೆ ಪೇಂಟರ್ ಬಂದ. ಮೂರನೆಯ ಕಾಲಮ್ಮಿಗೆ ಕಪ್ಪು ಬಳಿಯುವಷ್ಟು ಹೊತ್ತು ಏಣಿ ಹಿಡಿದುಕೊಳ್ಳಿ ತಾಯಿ ಎಂದು ಕೇಳಿದ. ನನಗೆ ಏಣಿ ಹಿಡಿಯಲು ಬರುವುದಿಲ್ಲ ಅಂದೆ. ಇಪ್ಪತ್ತು ವರ್ಷದಲ್ಲಿ ಕಾರ್ಖಾನೆಯಲ್ಲಿ ನನಗೆ ಬಾರದ ಕೆಲಸ ಇದೊಂದೇ. ಅವನು ಒಬ್ಬನೇ ಬಳಿದು ಹೋದ. ಆ ದಿನವೇ ಈ ಪತ್ರ ಬರೆಯಲು ಕೂತೆ. ಕೈ ಬಿಸಿಯಾಗಿತ್ತು, ಬರೆದದ್ದೆಲ್ಲ ಬೈಗುಳವಾಗುತ್ತಿತ್ತು. ಕಾಗದವನ್ನು ಡ್ರಾಯರಿಗೆ ಹಾಕಿದೆ.

ನಿನ್ನೆ ಬೆಳಿಗ್ಗೆ ಬೇರೆಯವರ ಸಹಿಯ ಗೇಟ್ ಪಾಸ್ ಹಿಡಿದು ಲಾರಿ ಬಂತು. ಮೊನ್ನೆ ತುಂಬಿದ ಡ್ರಮ್ಮುಗಳು. ದಿನಕರ್ ಮತ್ತು ಅವನ ಮೂವರು ಹಮಾಲರು ಗೋಡೆಗೆ ಒರಗಿ ಕೂತಿದ್ದರು. ಎತ್ತಿ ಎಂದರೆ ಏಳಲಿಲ್ಲ. ಘೋಷಣೆ ಇಲ್ಲ, ಜಗಳ ಇಲ್ಲ. ಪ್ರಸನ್ನ ಸರ್ ಬಂದು ಕೇಳಿದ್ದಕ್ಕೆ ದಿನಕರ್ ಎದ್ದು ನಿಂತು, ತಂಬಾಕು ಉಗಿದು ಬಂದು, ಮರ್ಯಾದೆಯಿಂದಲೇ ಮರಾಠಿಯಲ್ಲಿ ಹೇಳಿದ. "ಸಾಹೇಬ, ಹಾ ಮಾಲ್ ಓವರ್‌ಮಾರೋಚಾ ಆಹೇ." ಆ ಕಾಲಮ್ಮು ಈಗ ಎಲ್ಲಿದೆ ಎಂದರು ಸರ್. ದಿನಕರ್ ಕಿಟಕಿಯೊಳಗೆ ಕೈ ತೋರಿಸಿದ.

ಬೆಳಗಿನ ಬಿಸಿಲು ಹಲಗೆಯ ಮೇಲೆ ಓರೆಯಾಗಿ ಬೀಳುವ ಹೊತ್ತು ನಿಮಗೆ ಗೊತ್ತು. ಅಷ್ಟು ದಸರೆಗಳ ಕೋಟು, ಒಂದರ ಮೇಲೊಂದು. ಹೊಸ ಕಪ್ಪಿನ ಅಡಿಯಿಂದ ಅಕ್ಷರಗಳು ಅಷ್ಟೂ ಎದ್ದು ನಿಂತಿದ್ದವು. ಕಪ್ಪಿನ ಮೇಲೆ ಕಪ್ಪು, ಆದರೂ ಓದಬಹುದಿತ್ತು. ಡಬ್ಲ್ಯೂ ಕೆಳಗಿನ ಆ ಬೆರಳುದ್ದ ಇಳಿದ ಬಣ್ಣ ಕೂಡ. ಡ್ರಮ್ಮು ಉಬ್ಬಲಿಲ್ಲ ಕಾಕಾ, ಅಕ್ಷರ ಉಬ್ಬಿತು.

ಪ್ರಸನ್ನ ಸರ್ ಹಲಗೆಯನ್ನು ನೋಡಿದರು, ಹಮಾಲರನ್ನು ನೋಡಿದರು. ನಾನು ನಿಮ್ಮ ಕಣ್ಣಿನ ಕತೆಯನ್ನು ಆಗ ಹೇಳಿದೆ. ಕಾಕು ಬೈದರೆ ಬೈಯಲಿ. ಎರಡೇ ಮಾತಿನಲ್ಲಿ, ತುರ್ಭೆ, ಅದೇ ದಿನ ತುಂಬಿದ ಡ್ರಮ್ಮು, ಎಡಗಣ್ಣು. ಅವರು ಡ್ರಮ್ಮುಗಳ ಕಡೆಗೆ ನಡೆದು, ಇಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ, ಒಂದು ಡ್ರಮ್ಮಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಬೆಚ್ಚಗಿತ್ತಂತೆ. ಬಿಸಿಲಿಗೋ ಒಳಗಿನದಕ್ಕೋ ಗೊತ್ತಾಗುತ್ತಿಲ್ಲ ಮೇಡಂ ಅಂದರು. ಗೊತ್ತಾಗುವುದಿಲ್ಲ ಸರ್, ಇವತ್ತು ಯಾರಿಗೂ ಗೊತ್ತಾಗುವುದಿಲ್ಲ ಅಂದೆ. ಅವರು ಫೋನ್ ತೆಗೆದು ಲಾರಿ ಮಾಲೀಕನಿಗೆ ಹಿಂದಿಯಲ್ಲಿ ಹೇಳಿದ್ದನ್ನು ನಾವೆಲ್ಲ ಕೇಳಿದೆವು. "ಹಾಂ, ಗಾಡಿ ವಾಪಸ್ ಭೇಜ್ ರಹಾ ಹೂಂ. ಓವರ್‌ಮಾರೋ ಮಾಲ್ ಹೈ, ಕಲ್ ಆನಾ." ಆ ಕಡೆಯವನು ಅರ್ಥ ಕೇಳಲಿಲ್ಲ. ಅವನಿಗೇಕೆ ಅರ್ಥ, ಮೂವತ್ತು ವರ್ಷದಿಂದ ಎಂಐಡಿಸಿಗೆ ಲಾರಿ ಕಳಿಸುತ್ತಿರುವವನು.

ನನ್ನ ವರ್ಗಾವಣೆ ರದ್ದಾಗಲಿಲ್ಲ. ಅದು ಹೆಡ್ ಆಫೀಸಿನದು, ನನ್ನ ಕೈಯಲ್ಲಿಲ್ಲ ಎಂದರು, ನಿಜವೇ ಇರಬೇಕು. ನಾನೂ ಕೇಳಿಕೊಳ್ಳಲಿಲ್ಲ. ಹಲಗೆಯ ವಿಷಯವನ್ನು ಮೇಲಿನವರಿಗೆ ಮತ್ತೆ ಬರೆಯುತ್ತೇನೆ ಎಂದಿದ್ದಾರೆ. ಬರೆಯಲಿ, ಬಿಡಲಿ, ಎತ್ತುವವರು ಎತ್ತದಿದ್ದರೆ ಬರೆದದ್ದು ಹೊರಡುವುದಿಲ್ಲ. ಇವತ್ತು ವರ್ಗಾವಣೆಗೆ ಒಪ್ಪಿಗೆಯ ಪತ್ರ ಟೈಪ್ ಮಾಡಿ ಕೊಟ್ಟೆ. ಹದಿನೈದು ವರ್ಷದ ಮೇಲೆ ಮೊದಲ ಸಲ ಮೂರು ಶಬ್ದಗಳ ಜಾಗದಲ್ಲಿ ಒಂದನ್ನು ಹಾಕಿದೆ: ನಾನು ತುರ್ಭೆಯ ಗೋದಾಮಿನಲ್ಲಿ ಓವರ್‌ಮಾರೋ ಹಾಜರಾಗುತ್ತೇನೆ. ಪ್ರಸನ್ನ ಸರ್ ಓದಿದರು, ಆ ಶಬ್ದದ ಮೇಲೆ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಸ್ವೀಕರಿಸಿದ್ದೇನೆ ಎಂದು ಸಹಿ ಮಾಡಿ, ಕಂಪನಿಯ ಮೊಹರು ಒತ್ತಿದರು. ಫೈಲಿಗೆ ಹೋಯಿತು. ಬಳಕೆ ತಪ್ಪಿದ್ದು ಎಂದು ಇನ್ನು ಯಾರು ಹೇಳುತ್ತಾರೋ ಹೇಳಲಿ.

ಆ ದಿನದ ನನ್ನ ನಗುವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ ಕಾಕಾ. ತಡವಾಯಿತು. ತಗಡಿನ ಹಲಗೆಯೊಂದನ್ನು ಮಾಡಿಕೊಡಲು ಹೇಳಿದ್ದೇನೆ, ಮೂರು ಕಾಲಮ್ಮು ಹಿಡಿಸುವಷ್ಟು ಅಗಲದ್ದು. ನಿಮ್ಮ ಕಣ್ಣು ಹೋದ ತುರ್ಭೆಯಲ್ಲೇ ಅದನ್ನು ತೂಗುಹಾಕುತ್ತೇನೆ. ಮೊದಲು ಬರೆಯುವುದು ಮೂರನೆಯದನ್ನೇ. ಇವತ್ತು, ನಾಳೆ ಆಮೇಲೆ. ಅಳಿಸಿದರೆ ಅಳಿಸಲಿ. ದಸರೆ ವರ್ಷಕ್ಕೊಂದು ಬಂದೇ ಬರುತ್ತದೆ, ಕುಂಚ ನನ್ನ ಹತ್ತಿರ ಇದೆ, ನಿವೃತ್ತಿಗೆ ಇನ್ನೂ ಹದಿಮೂರು ಕೋಟು ಬಾಕಿ.

ಮೊನ್ನೆಯ ಸಿಟ್ಟಿಗೆ ಎರಡು ರಾತ್ರಿ ಆಯಿತು. ಇವತ್ತು ಊಟವಾದ ಮೇಲೆ ಕಾಗದವನ್ನು ಡ್ರಾಯರಿನಿಂದ ಹೊರಗೆ ತೆಗೆದೆ. ಬಿಸಿ ಇಳಿದಿದೆ. ತಟ್ಟಿ ನೋಡಿದೆ. ಗಟ್ಟಿಯಾಗಿಯೇ ಇದೆ.

ನಾಡಿದ್ದು ಹೊರಡುತ್ತೇನೆ.

ನಿಮ್ಮ ತಂಗಿ,
ವಾರಿಜಾ
ಡಿಸ್ಪ್ಯಾಚ್